ಹೆಪ್ಪು

ಮಂಗಳವಾರ ಬೆಳಗ್ಗೆ ಆರೂಕಾಲಿಗೆ
ಆರೋಗ್ಯಮೇರಿಯ ಫೋನು:
"ಮೇಡಂ, ಪರದೆ ತುಂಬ ಕೆಂಪು ಅಕ್ಷರ,
ದುಡ್ಡು ಕೇಳ್ತಾ ಇದೆ."

ತಂತಿ ಕಿತ್ತುಹಾಕು ಅಂದೆ. ನೀಲಿದು, ಹಳದಿದು,
ಗೋಡೆಯೊಳಗಿಂದ ಬರುವುದು, ಎಲ್ಲ.
ಮಿಷನ್ನು ಆರಿಸಬೇಡ. ಮುಟ್ಟದೆ ಹಾಗೇ ಬಿಡು.
ನಾಗರಬಾವಿಯಿಂದ ಚಾಮರಾಜಪೇಟೆಗೆ ಆಟೋ;
ಸಿರ್ಸಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕೂತು ಲೆಕ್ಕ ಹಾಕಿದೆ.
ಹನ್ನೊಂದು ವರ್ಷದ ರಕ್ತ, ಅಂಕಿಯಾಗಿ ಉಳಿದದ್ದು:
ಸಕ್ಕರೆ, ಥೈರಾಯ್ಡು, ಯಾರದೋ ಗುಟ್ಟಿನ ಬಸಿರು,
ಯಾರದೋ ಗಡ್ಡೆಯ ಮೊದಲ ಅನುಮಾನ.
ಈಗ ಎಲ್ಲ ಕಡತಕ್ಕೂ ಒಂದೇ ಬಾಲ.

ಲ್ಯಾಬಿನ ಬಾಗಿಲಲ್ಲಿ ಬರಿ ಹೊಟ್ಟೆಯಲ್ಲಿ ಬಂದವರ ಸಾಲು.
"ಎಷ್ಟೊತ್ತಮ್ಮ, ಕಣ್ಣು ಕತ್ತಲೆ ಬರ್ತಿದೆ."
ಕಾರ್ಬನ್ ಕಾಗದ ಹುಡುಕಿ ಕೈಯಲ್ಲೇ ಚೀಟಿ ಬರೆದೆವು.
ಡಾಕ್ಟರ್ ಅಂಬುಜಾಕ್ಷಿ ಬಳೆ ತಿರುಗಿಸುತ್ತ ಕೇಳಿದರು:
"ಕೊಟ್ಟೇಬಿಡೋಣವೇ?"
ಕೊಟ್ಟ ಮೇಲೆ ಬೀಗ ತೆಗೆಯುತ್ತಾನೆಂದು ಯಾರು ಹೇಳಿದರು?
ತೆಗೆದರೂ, ಹೋಗುವಾಗ ಹಿತ್ತಿಲ ಅಗುಳಿ ಹಾಕಿಯೇ ಹೋಗುತ್ತಾನೆಂದು?

ಹತ್ತಕ್ಕೆ ಪಿಳ್ಳಪ್ಪ ಬಂದ.
ಸ್ಯಾಂಪಲ್ ಸಾಗಿಸುವವನು. ಶನಿವಾರ ಶನಿವಾರ
ನಾನು ಬೀಗ ಹಾಕಿ ಕೊಟ್ಟ ಡಿಸ್ಕನ್ನು
ಟವೆಲ್ಲಿನಲ್ಲಿ ಸುತ್ತಿ ಬ್ಯಾಟರಾಯನಪುರಕ್ಕೆ ಒಯ್ದು
ಹೆಂಡತಿಯ ಹೊಲಿಗೆ ಡಬ್ಬಿಯಲ್ಲಿ ಇಡುವವನು.
ನಾಲ್ಕು ಡಿಸ್ಕು, ನಾಲ್ಕು ವಾರದ ಸರದಿ.
ನಾಲ್ಕನ್ನೂ ಮೇಜಿನ ಮೇಲೆ ಇಟ್ಟ.
"ಹಾಕ್ಬುಡಿ ಮೇಡಂ. ಮುಗೀತಲ್ಲ?"

ಮುಗಿಯಲಿಲ್ಲ ಪಿಳ್ಳಪ್ಪ.
ನಮ್ಮಮ್ಮ ಎದುರುಮನೆಯಿಂದ ಹೆಪ್ಪು ತಂದರೆ
ಉಗುರಂಚಿಗೆ ತಾಗಿಸಿ ನಾಲಿಗೆಗೆ ಹಚ್ಚಿ ನೋಡದೆ
ಹಾಲಿಗೆ ಬಿಟ್ಟವಳಲ್ಲ.
ಕೆಟ್ಟ ಹೆಪ್ಪಾದರೆ ಒಂದೇ ತೊಟ್ಟು ಸಾಕು,
ಬೆಳಗ್ಗೆ ಇಡೀ ತಪ್ಪಲೆ ಲೋಳೆ ಲೋಳೆ.
ತಪ್ಪಲೆಯನ್ನೂ ಮೂಸುತ್ತಿದ್ದಳು,
ನಿನ್ನೆಯ ಹುಳಿ ಅಂಚಿನಲ್ಲಿ ಕೂತಿದ್ದರೆ
ಬೂದಿ ಹಾಕಿ ಮತ್ತೆ ತಿಕ್ಕುತ್ತಿದ್ದಳು.

ಹಳೇ ಲ್ಯಾಪ್‌ಟಾಪು ಒಂದನ್ನು ಪೂರ್ತಿ ಒರೆಸಿ,
ತಂತಿಯಿಲ್ಲ, ವೈಫೈ ಇಲ್ಲ,
ಉಗ್ರಾಣದಲ್ಲಿ ಸಿರಿಂಜಿನ ಪೆಟ್ಟಿಗೆಗಳ ನಡುವೆ ಕೂತೆ.
ಮೂರು ದಿನದ ಹಿಂದಿನದು: ಕಡತಗಳೆಲ್ಲ ನೆಟ್ಟಗಿವೆ,
ಮೂಲೆಯಲ್ಲಿ ಮಾತ್ರ ಒಬ್ಬ ಉಸಿರು ಬಿಗಿಹಿಡಿದು ಕೂತಿದ್ದಾನೆ.
ಹತ್ತು ದಿನದ್ದು: ಅದೇ ಮೂಲೆ, ಅದೇ ಆಸಾಮಿ.
ಹದಿನೇಳು: ಇದ್ದಾನೆ.
ಹತ್ತೊಂಬತ್ತು ದಿನದ ಕೆಳಗೆ, ಒಂದು ಗುರುವಾರ,
ಗ್ಲೌಸಿನ ಬಿಲ್ಲಿನ ವೇಷದಲ್ಲಿ ಬಂದಿದ್ದ,
ನಾನೇ ಒತ್ತಿ ಬಾಗಿಲು ತೆರೆದಿದ್ದೆ.
ಇಪ್ಪತ್ನಾಲ್ಕು ದಿನದ್ದು
ತೆರೆಯುವಾಗ ಕೈ ನಡುಗಿತು.
ಮೂಲೆ ಖಾಲಿ. ಎರಡು ಸಲ ನೋಡಿದೆ, ಖಾಲಿ.
ಬರುವ ಶನಿವಾರ ಅದನ್ನೇ ಅಳಿಸಿ ಬರೆಯಬೇಕಿತ್ತು.

ಆಮೇಲೆ ಮೂರು ರಾತ್ರಿ.
ಮೊದಲು ಡಿಸ್ಕಿನ ನಕಲು, ಮೂಲಕ್ಕೆ ಕೈ ಹಚ್ಚಲಿಲ್ಲ.
ಒಂದೊಂದು ಮಿಷನ್ನನ್ನೂ ಬುಡದಿಂದ ತೊಳೆದದ್ದು,
ಎಲ್ಲರ ಪಾಸ್ವರ್ಡು ಬದಲು, ಡಾಕ್ಟರ ಮೊಮ್ಮಗನ ಹೆಸರೂ ಹೋಯಿತು.
ರಿಸೆಪ್ಷನ್ ಪುಸ್ತಕ ಹಿಡಿದು ಮೇರಿ ಹೆಸರು ಕೂಗುವಳು,
"ಶಂಶಾದ್ ಬೇಗಂ, ಹಿಮೋಗ್ಲೋಬಿನ್?" "ಒಂಬತ್ತೂವರೆ."
"ಇದೆ." ಮುಂದಿನದು. "ಇದೆ."
ಆ 'ಇದೆ' ಅನ್ನುವ ಸದ್ದನ್ನು
ಈ ಹಿಂದೆ ಸರಿಯಾಗಿ ಕೇಳಿಯೇ ಇರಲಿಲ್ಲ.

ಮೂರು ಹುಳುಕು ಡಿಸ್ಕಿನಿಂದ ಬರಿಯ ಅಂಕಿಗಳನ್ನಾದರೂ
ಹೆಕ್ಕಿಕೊಳ್ಳುವ ಆಸೆಯಾಯಿತು, ಸುಳ್ಳೇಕೆ.
ಹೆಕ್ಕಲಿಲ್ಲ.
ಇಪ್ಪತ್ನಾಲ್ಕು ದಿನ ಹೋಯಿತು: ಆರುನೂರ ಹನ್ನೆರಡು ಹೆಸರು.
ಫೋನು ಮಾಡಿ ಕರೆದೆವು. ಬೈದರು, ಬಂದರು,
ತೋಳು ಚಾಚಿದರು ಇನ್ನೊಂದು ಸೂಜಿಗೆ.
ಗೋರಿಪಾಳ್ಯದ ಒಬ್ಬಾಕೆ ಬರಲೇ ಇಲ್ಲ;
ಕೊಟ್ಟ ನಂಬರು ಯಾವುದೋ ಗ್ಯಾರೇಜಿನದು.
ಆಕೆಯ ರಕ್ತ ಏನು ಹೇಳಿತ್ತೋ.

ಶನಿವಾರ ಸಂಜೆ ಪಿಳ್ಳಪ್ಪ ಚೀಲ ಬಿಚ್ಚಿದ.
ಹೊಸ ಡಿಸ್ಕಿಗೆಂದು ಹೊಸ ಟವೆಲ್ಲು,
ಪಕ್ಕದಲ್ಲಿ ಸ್ಟೀಲಿನ ಡಬ್ಬಿ, ಗಟ್ಟಿ ಮೊಸರು.
"ನಿಮ್ಗೇ ಅಂತ ಕಳ್ಸವ್ಳೆ ಮೇಡಂ.
ಅಲ್ಲಾಡಿಸ್ಬೇಡಿ ಅಂದವ್ಳೆ,
ಎರಡನ್ನೂವೆ."