ಆಲಿಕಲ್ಲಿನ ಲೆಕ್ಕ

ಕ್ಯಾನ್ಸಸ್ಸಿನ ಹಚಿನ್ಸನ್ನಿಗೆ ಆಲಿಕಲ್ಲು ಬಿದ್ದ ಒಂಬತ್ತನೇ ದಿನ
ಸೀಮೆಸುಣ್ಣ, ಅಳತೆಪಟ್ಟಿ ಜೇಬಿಗಿಳಿಸಿ
ಲಿಯಾನ್ ಸ್ಟಕಿಯ ಮಾಡು ಹತ್ತಿದೆ.
ವಿಮಾ ಕಂಪನಿಯ ಬಿಲ್ಲೆ ಕೊರಳಲ್ಲಿ.
ಬೇಡವೆಂದರೂ ಏಣಿಯ ಬುಡ ಅವಳೇ ಹಿಡಿದುಕೊಂಡಳು.

ಮೊದಲು ತಗಡು ನೋಡು ಎಂದು ಕಲಿಸಿದವನು ರೊಸೆಂಡೊ.
ತಗಡಿಗೆ ಸುಳ್ಳು ಬರುವುದಿಲ್ಲ.
ಹೊಗೆಕೊಳವೆಯ ಟೋಪಿ, ಸೂರಿನ ದೋಣಿಯ ಅಂಚು,
ಕಲ್ಲು ಎತ್ತಲಿಂದ ಬಂತು, ಎಷ್ಟು ದಪ್ಪ,
ಎಲ್ಲ ಅಲ್ಲಿ ಬರೆದಿರುತ್ತದೆ.
ಆಮೇಲೆ ನೀರಿಳಿಯುವ ಕೊಳವೆಯ ಬಾಯಿ:
ಶಿಂಗಲ್ಲಿನ ಮೈಯಿಂದ ಉದುರಿದ ಹರಳು
ರಾಗಿ ಚೆಲ್ಲಿದ ಹಾಗೆ ಬಿದ್ದಿದ್ದರೆ
ಮೇಲೆಲ್ಲೋ ಬೋಳಾಗಿದೆ.
ಕೊನೆಗೆ ಹೆಬ್ಬೆರಳು.

ಆಲಿ ಎಂದರೆ ಕಣ್ಣಗುಡ್ಡೆ ಅಲ್ಲವೇ ನಮ್ಮಲ್ಲಿ.
ಕಲ್ಲು ಬಿದ್ದಲ್ಲೆಲ್ಲ ಮಾಡಿಗೊಂದು ಕಣ್ಣು ಬಂದಿರುತ್ತದೆ,
ಕಪ್ಪಗೆ, ಅಂಚು ಕಲಸಿಕೊಂಡು, ರೆಪ್ಪೆಯಿಲ್ಲದೆ.
ಒತ್ತಿದರೆ ಒಳಗೆ ಮೆತ್ತಗೆ.
ಸೋದರತ್ತೆ ಸಂತೆಯಲ್ಲಿ ಸಪೋಟ ಒತ್ತಿ
'ಇದು ಬಿದ್ದ ಹಣ್ಣು' ಎಂದು ಪಕ್ಕಕ್ಕಿಡುತ್ತಿದ್ದಳಲ್ಲ,
ಆ ಮೆತ್ತಗೆ.
ಬಿಸಿಲಿಗೆ ಎದ್ದ ಬೊಬ್ಬೆ ಬೇರೆ, ಒಡೆದರೂ ತಳ ಗಟ್ಟಿ.
ಮುಪ್ಪಿನ ಬಿರುಕು ಬೇರೆ. ಅದಕ್ಕೆ ದುಡ್ಡಿಲ್ಲ.

ಹತ್ತಡಿಗೆ ಹತ್ತಡಿ ಚೌಕ ಗೀಚಿ ಎಣಿಸಿದೆ.
ಎಂಟಾದರೆ ಹೊಸ ಮಾಡು, ಕಂಪನಿಯ ಮಾತು.
ಏಳು.
ಬಗ್ಗಿ ಮತ್ತೆ ಎಣಿಸಿದೆ. ಏಳು.
ಆ ಮೂಲೆಯಲ್ಲಿ ಮಾತ್ರ ಇನ್ನೂ ಹದಿನಾಲ್ಕು.

ಎಲ್ಲ ಒಂದೇ ಗಾತ್ರ, ನಾಣ್ಯ ಒತ್ತಿದ ಹಾಗೆ.
ಮೊಣಕಾಲೂರಿ ಕೂತವರ ಕೈ ಎಟುಕುವಷ್ಟೇ ದೂರ.
ಹರಳು ಉದುರಿಲ್ಲ, ಪುಡಿಯಾಗಿ ಅಲ್ಲೇ ಕಚ್ಚಿಕೊಂಡಿದೆ.
ಗೇಣಿನಾಚೆಯ ತಗಡಿಗೆ ಒಂದೂ ತಾಗಿಲ್ಲ.
ಆಕಾಶ ಇಷ್ಟು ಅಚ್ಚುಕಟ್ಟಾಗಿ ಹೊಡೆಯುವುದಿಲ್ಲ.

ಕೆಳಗೆ ನೋಡಿದೆ.
ಶಾಲೆಯ ಅಡುಗೆಮನೆಯ ಏಪ್ರನ್ ಇನ್ನೂ ಬಿಚ್ಚಿಲ್ಲ ಅವಳು.
ಬಂದಾಗ ಕೈ ಕುಲುಕಿದಳಲ್ಲ,
ಅಂಗೈಯಲ್ಲಿ ಹಸಿ ಬೊಬ್ಬೆ ತಾಗಿತ್ತು.
ಸೌಟಿನದು ಅಂದುಕೊಂಡಿದ್ದೆ.
ಬೊಬ್ಬೆ ಎಂದರೆ ಕೂಗೂ ಹೌದು,
ಇದು ಬಾಯಿಗೆ ಬಾರದೆ ಕೈಗೆ ಬಂದದ್ದು.

ಇಳಿಯುವ ಮೊದಲು, ಬರೀ ಅಭ್ಯಾಸಕ್ಕೆ,
ಪಡುವಣ ಇಳಿಜಾರಿಗೆ ಹೋದೆ.
ಅಲ್ಲಿ ಕಲ್ಲಿನ ಗುರುತೇ ಇಲ್ಲ,
ಶಿಂಗಲ್ಲುಗಳು ಮಲಗಿದಂತೆ ಮಲಗಿವೆ.
ಒಂದರ ತುದಿಗೆ ಬೆರಳು ಹಾಕಿದೆ, ಪುಸ್ತಕದ ಹಾಳೆಯಂತೆ
ಎದ್ದು ಬಂತು. ಅಂಟು ಸತ್ತಿದೆ.
ಮೊಳೆಯ ಕೆಳಗೆ ಮಡಿಕೆಯ ಗೆರೆ.
ಪಕ್ಕದ್ದೂ. ಅದರ ಪಕ್ಕದ್ದೂ. ಸಾಲಿಗೆ ಸಾಲು
ಗಾಳಿ ಎತ್ತಿ, ಮಡಿಸಿ,
ಏನೂ ಆಗದ ಹಾಗೆ ಮತ್ತೆ ಹೊದಿಸಿ ಹೋಗಿತ್ತು.

ಅವಳಿಗೆ ಇದು ಕಂಡಿಲ್ಲ.
ರಾತ್ರಿ ಸುತ್ತಿಗೆ ಹಿಡಿದು
ಇದರ ಮೇಲೆಯೇ ತೆವಳಿ ಆಚೆ ಹೋಗಿರಬೇಕು.
ಇದೊಂದೇ ಸಾಕಿತ್ತು, ಮಾರಾಯ್ತಿ.
ಸುತ್ತಿಗೆಯ ಒಂದೇ ಗುರುತು ನಾನು ಬರೆದರೂ
ಇಡೀ ಕಡತ ಬೇರೆ ಮೇಜಿಗೆ ಹೋಗುತ್ತದೆ,
ಗಾಳಿಯ ಪಾಲೂ ಅದರ ಜೊತೆಗೆ.

ಸೀಮೆಸುಣ್ಣ ಸವೆದು ಕಡಲೆಬೀಜದಷ್ಟಾಗಿದೆ.
ಫೋಟೊ ಇನ್ನೂ ತೆಗೆದಿಲ್ಲ.
ಗೋಧಿ ಕಣಜದ ಗೋಪುರಗಳ ಹಿಂದೆ ಮತ್ತೆ ಕಪ್ಪಿಡುತ್ತಿದೆ.
'ಎಷ್ಟಾಯಿತು?' ಕೆಳಗಿನಿಂದ ಅವಳ ದನಿ.
'ಏಣಿ ಗಟ್ಟಿಯಾಗಿ ಹಿಡಿದುಕೋ' ಎಂದೆ.
ನಾನಿನ್ನೂ ಏಣಿಗೆ ಕಾಲಿಟ್ಟಿರಲಿಲ್ಲ.