ಪಾವಿನ ಲೆಕ್ಕ

ಲೀಗು ಮುಗಿದ ಮರುದಿನ, ಸೋಮವಾರ.
ಚಮನ್‌ಸಾಬರ ಮಂಡಕ್ಕಿ ಭಟ್ಟಿಗೆ ರಜೆ ಇಲ್ಲ.
ಕಾದ ಮರಳಿಗೆ ಬಿದ್ದ ಅಕ್ಕಿ
ಚಟಪಟ ಎದ್ದು ನಿಲ್ಲುತ್ತದೆ,
ಹೊಗೆಯ ಈಚೆ ನಾವು
ಖಾಲಿ ಚೀಲಗಳ ಮೇಲೆ ಕೂತಿದ್ದೇವೆ
ಉದ್ರಿ ಪುಸ್ತಕದ ಕೊನೆಯ ಹಾಳೆ ತೆರೆದು.

ಹತ್ತು ತಂಡಗಳಲ್ಲಿ ಎಂಟನೆಯದು ನಮ್ಮದು,
ದಾವಣಗೆರೆ ಮಿಲ್ಸ್ ಎಫ್‌ಸಿ.
ಮಿಲ್ಲು ಮುಚ್ಚಿ ಎಷ್ಟೋ ವರ್ಷ,
ಹೆಸರು ಮಾತ್ರ ಜೆರ್ಸಿಯ ಎದೆಯ ಮೇಲೆ
ಇನ್ನೂ ಪಾಳಿಗೆ ಬರುತ್ತದೆ.

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡೋದು ಪೇಪರಿನವರು.
ನಮ್ಮದು ಸೇರು, ಪಾವು, ಚಟಾಕು.
ತುಂಬಿದ ಸೇರು ಈ ಸಲ ಯಾರಿಗೂ ಇಲ್ಲ
ಎಂದು ಮೊದಲೇ ಒಪ್ಪಂದ.

ಗೋಲಿ ಮರಡೆಪ್ಪನಿಗೆ ಮೂರು ಪಾವು.
"ಮೂವತ್ತೊಂದು ಗೋಲು ಹೊಡೆಸ್ಕಂಡಾನೆ, ಮೂರು ಪಾವಾ?"
ಉಚ್ಚೆಂಗೆಪ್ಪ ಎದ್ದೇಬಿಟ್ಟ.
"ಮುಂದಿನ ನಾಲ್ಕು ಮಂದಿ ಬಾಗ್ಲು ತಕ್ಕಂಡು ಮಲಗಿದ್ರೆ
ಒಳಗಿದ್ದೋನು ಏನ್ ಮಾಡ್ತಾನೆ ಹೇಳು"
ಅಂದಳು ಶಾಕಿರಾ, ಜರಡಿಯ ಕೈ ನಿಲ್ಲಿಸದೆ.
ಅವಳಿಗೆ ಎದುರಾಡಿದರೆ ಮೆಣಸಿನಕಾಯಿ ಸಿಗೋದಿಲ್ಲ.
ಮೂರು ಪಾವೇ ಇರಲಿ.

ಎಡಬದಿಯ ಡಿಫೆಂಡರ್ ಮಿಜೋರಾಮಿನ ಹುಡುಗ,
ಝೋರಾಮ್‌ಚ್ಛಾನಾ. ನಮ್ಮ ಬಾಯಲ್ಲಿ ಜೋರಪ್ಪ.
ಮೊದಲ ತಿಂಗಳು ದೋಸೆಯ ಮೇಲಿನ ಬೆಣ್ಣೆಯನ್ನು
ಬೆರಳಲ್ಲಿ ಸರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದ,
ಆಟವೂ ಹಾಗೇ ಇತ್ತು, ಬೇಡದವನ ಹಾಗೆ.
ಸಂಕ್ರಾಂತಿ ಹೊತ್ತಿಗೆ ಎರಡನೇ ದೋಸೆ ಕೇಳಿದ,
ಚೆಂಡನ್ನೂ ಕೇಳಿದ.
ಮೂರು ಪಾವು, ಮೇಲೊಂದು ಹಿಡಿ.
ಹಿಡಿ ಯಾಕೆ ಎಂದು ಯಾರೂ ಕೇಳಲಿಲ್ಲ.

ಕ್ಯಾಪ್ಟನ್ ಗುತ್ಯಪ್ಪನ ಕಾಲು ಹೋಗಿವೆ, ಕಣ್ಣು ಹೋಗಿಲ್ಲ.
ಚೆಂಡು ಎಲ್ಲಿ ಬೀಳುತ್ತದೆಂದು
ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತು,
ಎಲ್ಲರಿಗಿಂತ ತಡವಾಗಿ ಅಲ್ಲಿಗೆ ಹೋಗುತ್ತಾನೆ.
"ನಂದೂ ಹಂಗೇ ಆಗೇತಿ" ಎಂದರು ಚಮನ್‌ಸಾಬರು
ಸೊಂಟ ಹಿಡಿದು ನಗುತ್ತ. ಎರಡು ಪಾವು.

ಬ್ರೆಜಿಲಿನಿಂದ ಕರೆಸಿದ ಸ್ಟ್ರೈಕರಿಗೆ
ಒಂದು ಚಟಾಕು,
ಅದೂ ಜರಡಿಯ ತಳಕ್ಕೆ ಬಿದ್ದ, ಅರಳದ ಕಾಳಿನಲ್ಲಿ.

ಆಮೇಲೆ ಕೊಟ್ರೇಶಿ.

ಇಪ್ಪತ್ತು ತುಂಬಿಲ್ಲ, ಹರಪನಹಳ್ಳಿ ಕಡೆಯವನು.
ಬಲಗಡೆ ಗೆರೆ ಹಿಡಿದು ಓಡಿದರೆ
ಹೊಲಿಗೆ ಮಿಷನ್ನಿನ ಸೂಜಿ.
ಕೊನೆಯ ಪಂದ್ಯ, ಎಂಬತ್ತೆಂಟನೇ ನಿಮಿಷ, ಪೆನಾಲ್ಟಿ.
ಚೆಂಡು ಕಂಬದ ಮೇಲೆ, ಕಾಂಪೌಂಡಿನ ಮೇಲೆ,
ಆಚೆ ಬೇವಿನ ಮರದಲ್ಲಿ ಸಿಕ್ಕಿಕೊಂಡು ಕೂತಿತು.
ಇಡೀ ಮೈದಾನ ಉಸಿರು ಹಿಡಿದ ಆ ಒಂದು ಗಳಿಗೆಯಲ್ಲಿ
ನಾನು ಒಂದು ಮಾತು ಕೂಗಿದೆ.
ಅದನ್ನು ಇಲ್ಲಿ ಬರೆಯಲಾರೆ.

ಗ್ರೌಂಡು ಸಣ್ಣದು, ನನ್ನ ಗಂಟಲು ದೊಡ್ಡದು.
ಅವನು ತಿರುಗಿದ.
ನನ್ನನ್ನು ನೋಡಿದ ಎಂದುಕೊಂಡಿದ್ದೆ.
ಅವನು ನೋಡಿದ್ದು ನನಗಿಂತ ಎರಡು ಮೆಟ್ಟಿಲ ಕೆಳಗೆ,
ಅಲ್ಲಿ ಒಬ್ಬ ಹೆಂಗಸು
ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.
ಅವನ ತಾಯಿ ಎಂದು ಗೇಟಿನ ಹತ್ತಿರ ಯಾರೋ ಹೇಳಿದರು.
ಮೊದಲ ಸಲ ಮಗನ ಆಟ ನೋಡಲು ಬಂದಿದ್ದಳಂತೆ.

"ಒಂದು ಪಾವು ಬರಿ" ಅಂದ ಉಚ್ಚೆಂಗೆಪ್ಪ.
"ಎರಡು" ಅಂದಳು ಶಾಕಿರಾ.
ನಾನು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡೆ.
ನೋಡಿದ್ದೇವಲ್ಲ ನಾವು, ಜೂನ್‌ನಿಂದ ಇಲ್ಲಿಯವರೆಗೆ,
ಅವನು ಎಷ್ಟು ಸಲ ಬಿದ್ದು ಎಷ್ಟು ಸಲ ಎದ್ದ ಎಂದು;
ಅಳೆಯಲು ಹೊರಟರೆ ಪಾವು ಯಾಕೋ ಕೈಗೆ ಸಿಗಲೊಲ್ಲದು.

ಚಮನ್‌ಸಾಬರು ಮರಳು ಕೆದಕುತ್ತಲೇ ಹೇಳಿದರು:
"ಬಾಕಿ ಅಂತ ಬರಿ."
ಬರೆದೆ.
ಅವನು ಕೊಡಬೇಕಾದದ್ದೋ, ಅವನಿಗೆ ಕೊಡಬೇಕಾದದ್ದೋ,
ಆ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕಾಲಂ.

ಮೆಣಸಿನಕಾಯಿ ಬಂತು. ಪೇಪರಿನ ಮೇಲೆ ಮಂಡಕ್ಕಿ ಸುರಿದರು,
ಕೆಳಗೆ ಅಂಕಪಟ್ಟಿ ಎಣ್ಣೆಯಲ್ಲಿ ನೆನೆಯುತ್ತಿತ್ತು.
ಉಚ್ಚೆಂಗೆಪ್ಪ ಬಾಯಿ ತುಂಬಿಕೊಂಡೇ ಕೇಳಿದ,
"ರೈಟ್ ಬ್ಯಾಕ್ ಯಾರಿದ್ದ ಹೇಳು, ಹೆಸರೇ ಮರೀತೈತಿ."