ಒಂದೂವರೆ ಸೆಲೆಮಿನ್

ಮಡಿಕೆಗಳಲ್ಲಿ ಹರಿದು ನಾಲ್ಕು ಹೋಳಾದ ಪತ್ರ.
ಸಾವಿರದ ಎಂಟುನೂರ ಅರವತ್ತೆಂಟು, ಸೆಪ್ಟೆಂಬರ್.
ಮಗಳು ತೆಯೋದುಲಾಳಿಗೆ ಬಳುವಳಿಯಾಗಿ
ಗಿರಣಿ ದಾರಿಯ ಹೊಲ:
ಎರಡು ಫನೇಗಾ, ಏಳು ಸೆಲೆಮಿನ್, ಒಂದು ಕ್ವಾರ್ತಿಯೊ.
ಮೂಡಣಕ್ಕೆ ಬಾದಾಮಿ ಮರ, ಪಡುವಣಕ್ಕೆ
ಕುರಿ ಹಾಯುವ ಹಾದಿ, ತೆಂಕಣಕ್ಕೆ
ಮೃತ ರಮೀರೋನ ವಾರಸುದಾರರು.
(ಅವರಿಗೂ ಈಗ ವಾರಸುದಾರರಿಲ್ಲ.)

ನಾನು ಸೋರಿಯಾದ ಭೂಮಾಪನ ಕಚೇರಿಯ ಗುಮಾಸ್ತೆ.
ಸತ್ತವರ ಲೆಕ್ಕವನ್ನು ಚದರ ಮೀಟರಿಗೆ ಇಳಿಸಿ
ಸಂಬಳ ಎಣಿಸುವವಳು.
ಫನೇಗಾ ಒಂದಕ್ಕೆ
ಆರು ಸಾವಿರದ ನಾನೂರ ನಲವತ್ತು, ಹತ್ತಿರ ಹತ್ತಿರ;
ಅದರ ಹನ್ನೆರಡರಲ್ಲೊಂದು ಸೆಲೆಮಿನ್;
ಸೆಲೆಮಿನ್ನಿನ ಕಾಲು ಕ್ವಾರ್ತಿಯೊ,
ಒಂದು ಹಿತ್ತಿಲು, ನಾಲ್ಕು ಸಾಲು ಬೆಳ್ಳುಳ್ಳಿ, ಕೋಳಿಗೂಡು.
ಪಕ್ಕದ ಕಣಿವೆಯ ಫನೇಗಾ ಬೇರೆ, ಹೊಳೆಯಾಚೆಯದು ಬೇರೆ,
ಊರಿಗೊಂದು ಅಳತೆ, ಮನೆಗೊಂದು ಮುಷ್ಟಿ.
ಈ ಊರಿನವರು ಕಾಸ್ತೀಲಿಯಾದ್ದನ್ನೇ ಹಿಡಿದಿದ್ದರು, ನನ್ನ ಪುಣ್ಯ.

ಕಾಫಿ ತಣಿಯುವಷ್ಟರಲ್ಲಿ ಮೊತ್ತ ಬಂತು:
ಹದಿನಾರು ಸಾವಿರದ ಏಳುನೂರ ಎಪ್ಪತ್ತು.
ಉಪಗ್ರಹ ಅನ್ನುತ್ತದೆ:
ಹದಿನೈದು ಸಾವಿರದ ಒಂಬೈನೂರ ಅರವತ್ತೈದು.

ಎಂಟುನೂರ ಐದು ಚದರ ಮೀಟರು
ಎಲ್ಲಿ ಹೋಯಿತು?

ನಮೂನೆಯಲ್ಲಿ ಒಂದು ಚೌಕ: 'ವ್ಯತ್ಯಾಸಕ್ಕೆ ಕಾರಣ.'
ಅಳತೆಯ ದೋಷ. ಒತ್ತುವರಿ. ಇತರೆ.
ಇತರೆಗೆ ಇಪ್ಪತ್ತು ಅಕ್ಷರ ಜಾಗ.

ಹೆಲಾಸಿಯೊ ಬಂದ, ಎಂಬತ್ತೊಂದು ವರ್ಷ,
ಜೊತೆಗೆ ಅಣ್ಣನ ಮಗಳು ಬಸಿಲಿಸಾ, ಪಾಲು ಬೇಕಾದವಳು.
ಪರದೆಯತ್ತ ಅವನು ನೋಡಲೂ ಇಲ್ಲ.
'ಫನೇಗಾ ಅಂದರೆ ನೆಲ ಅಲ್ಲಮ್ಮ, ಬೀಜ.
ಈ ಹೊಲ ಎಷ್ಟು ಗೋಧಿ ನುಂಗುತ್ತೆ ಅಂತ
ಬಿತ್ತುವವನನ್ನ ಕೇಳುತ್ತಿದ್ದರು,
ಅವನು ಹೇಳುತ್ತಿದ್ದ, ಬರೆಯುವವನು ಬರೆಯುತ್ತಿದ್ದ.'

'ಹೇಳಿದ್ದು ಸುಳ್ಳಾದರೆ?'

ಮುದುಕ ಟೋಪಿ ತೆಗೆದು ಮೊಣಕಾಲಿಗೆ ಹಾಕಿಕೊಂಡ.
ಅವನ ಮನೆಯಲ್ಲಿ ಇದು ನಗುವ ಕತೆ,
ಹೊರಗೆ ಹೇಳಿದ್ದು ಇದೇ ಮೊದಲು.
ಗಂಡಿನ ಕಡೆಯವರು ಕೇಳಿದ್ದು ಎರಡೂವರೆ ಫನೇಗಾ, ಒಂದು ಹಿಡಿ ಕಮ್ಮಿ ಆಗಬಾರದು.
ಹೊಲ ಇದ್ದದ್ದು ಅದಕ್ಕೆ ಒಂದೇ ಒಂದು ಕ್ವಾರ್ತಿಯೊ ಕಮ್ಮಿ.
ತೆಯೋದುಲಾಗೆ ಇಪ್ಪತ್ತಾರು, ಬಲಗಾಲು ಕುಂಟು.
ಅಪ್ಪ ನಿಸೆಫೊರೊ ಬರಹಗಾರನ ಮುಂದೆ ಕೆಮ್ಮಿದ,
ಹೇಗೂ ಹೇಳುವ ಸುಳ್ಳು, ಇನ್ನು ಜಿಪುಣತನ ಯಾಕೆ ಅಂತ
ಒಂದೂವರೆ ಸೆಲೆಮಿನ್ ಸೇರಿಸಿ ಹೇಳಿದ.
ಸಾವಿರ ಸುಳ್ಳು ಬೇಕಾಗಲಿಲ್ಲ ಆ ಮದುವೆಗೆ.

ನಾನು ಗುಣಿಸಿ ನೋಡಿದೆ. ಒಂದೂವರೆ ಸೆಲೆಮಿನ್:
ಎಂಟುನೂರ ನಾಲ್ಕು ಮುಕ್ಕಾಲು, ಚೂರು ಮೇಲೆ.
ನನ್ನ ಕೆಲಸದಲ್ಲಿ ಇಷ್ಟು ಸರಿಯಾಗಿ
ಯಾವ ಸತ್ಯವೂ ಕೂಡಿ ಬಂದಿಲ್ಲ.

'ಅಂದರೆ ಇಲ್ಲದ ನೆಲದ ಅರ್ಧ ನನ್ನದು,' ಅಂದಳು ಬಸಿಲಿಸಾ.
ನಕ್ಕಳೋ, ಕೇಳಿದಳೋ ತಿಳಿಯಲಿಲ್ಲ.

ಮರುದಿನ ಸ್ಥಳ ಪರಿಶೀಲನೆ.
ಬಾದಾಮಿ ಮರವಿಲ್ಲ, ಬೊಡ್ಡೆಯಿದೆ.
ಹುಳಿಗಾಳಿ ಬೀಸುವ ಅಕ್ಟೋಬರ್, ಹೊಲ ಉತ್ತು ಬಿಟ್ಟಿದ್ದಾರೆ,
ಟ್ರ್ಯಾಕ್ಟರ್ ಎಬ್ಬಿಸಿದ ಕಲ್ಲು ಕುರಿಮಂದೆಯ ಹಾಗೆ ಕೂತಿವೆ.
ನಾನು ಮೂರು ಕಾಲಿನ ಯಂತ್ರ ನಿಲ್ಲಿಸುತ್ತಿದ್ದೆ.
ಯಾರೂ ಕೇಳದೆ ಹೆಲಾಸಿಯೊ
ಎಡಗೈಯಲ್ಲಿ ಇಲ್ಲದ ಚೀಲ ಹಿಡಿದ,
ಬಲಗೈ ಅದರೊಳಗೆ ಅದ್ದಿ ಬಿತ್ತುತ್ತ ಹೊರಟ.
ಹೆಜ್ಜೆಗೊಂದು ಎರಚು. ಬಲಕ್ಕೆ, ಮತ್ತೆ ಬಲಕ್ಕೆ.
ತಿರುಗುವಲ್ಲಿ ಮಾತ್ರ ನಿಂತು ಉಸಿರು ತೆಗೆದ.
ಒಂದು ಬಾನಾಡಿ ನಂಬಿಕೊಂಡು ಹಿಂದೆ ಹಿಂದೆ ಕುಪ್ಪಳಿಸಿತು.

ನನ್ನ ಯಂತ್ರ ಮೊದಲೇ ಮುಗಿಸಿತ್ತು.
ಅವನು ಕುರಿಹಾದಿಯ ಅಂಚಿಗೆ ಬಂದಾಗ ಬಿಸಿಲು ಇಳಿದಿತ್ತು.
ಎಲ್ಲೆಗಲ್ಲಿನ ಮೇಲೆ ಒಂದು ಕಾಲಿಟ್ಟು
ಚೀಲದೊಳಗೆ ಕೈಯಾಡಿಸಿದ.
'ಇನ್ನೂ ಇದೆ,' ಅಂದ ನನ್ನ ಕಡೆ ತಿರುಗಿ,
'ಹೊಲ ಮುಗಿಯಿತು, ಬೀಜ ಉಳಿಯಿತು.
ಎಲ್ಲಿ ಹಾಕಲಿ?'

ಪೆನ್ಸಿಲ್ ಕಚ್ಚಿಕೊಂಡು ಚೌಕ ನೋಡಿದೆ.
ಇತರೆ. ಇಪ್ಪತ್ತು ಅಕ್ಷರ.
'ತೆಯೋದುಲಾಳ ಮದುವೆ' ಎಂದು ಬರೆದೆ.
ಇನ್ನೂ ಜಾಗ ಉಳಿದಿತ್ತು.